ದನಿಯಿಲ್ಲದ ನಾಲ್ಕು ನಿಮಿಷ

ನನಗೆ ಐದು ವರ್ಷವಿದ್ದಾಗ ಅವ್ವನಿಗೆ ಗಂಟಲಿನ ಆಪರೇಷನ್ ಆಯಿತು. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಅಂದಿನಿಂದ ಅವಳು ತುಟಿಯಾಡಿಸುತ್ತಾಳೆ, ನಾವು ಓದಿಕೊಳ್ಳುತ್ತೇವೆ. ತಿಳಿಯದಿದ್ದರೆ ಪಾಟಿಯ ಮೇಲೆ ಬಳಪದಿಂದ ಬರೆಯುತ್ತಾಳೆ.

ಅವಳ ದನಿ ನೆನಪಿದೆಯೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತಿದ್ದೆ. ನೆನಪಿತ್ತು ಕೂಡ. ಮೆತ್ತಗಿನ, ಕೊನೆಯ ಅಕ್ಷರವನ್ನು ತುಸು ಎಳೆಯುವ ದನಿ. ಜ್ವರ ಬಂದಾಗ, ಪರೀಕ್ಷೆಯ ಹಿಂದಿನ ದಿನ, ಅದನ್ನು ಮನಸ್ಸಿನಲ್ಲಿ ಕರೆದುಕೊಳ್ಳುತ್ತಿದ್ದೆ. ಈಚೆಗೆ ಮಾತ್ರ ಅದು ತೆಳುವಾಗುತ್ತಿತ್ತು. ಶಬ್ದಗಳು ಹೋಗಿ ಬರೀ ಎಳೆತ ಉಳಿದಿತ್ತು. ಅದೂ ಹೋಗುವ ಮೊದಲು ಒಮ್ಮೆ ನಿಜವಾದ ದನಿ ಕೇಳಬೇಕಿತ್ತು.

ಮನೆಯಲ್ಲಿದ್ದ ಮದುವೆ ಕ್ಯಾಸೆಟ್ ಪ್ರಯೋಜನಕ್ಕೆ ಬರಲಿಲ್ಲ. ಆಗಿನ ಕ್ಯಾಮೆರಾದವರು ಮದುವೆಯ ಗದ್ದಲ ಅಳಿಸಿ ಸಿನಿಮಾ ಹಾಡು ಕೂಡಿಸಿ ಕೊಡುತ್ತಿದ್ದರು. ಅವ್ವ ಒಡಪು ಹೇಳುವಲ್ಲೂ ಹಾಡೇ. ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳುವವರೆಗೆ ಮದುಮಗಳಿಗೆ ತುತ್ತು ಎತ್ತಗೊಡದ ಹೆಂಗಸರು, ನಗುವ ಅವ್ವ, ಮೇಲೆ ಯಾವುದೋ ಗಾಯಕಿ. ಆದರೆ ಹಾಡು ಸೇರಿಸುವ ಮೊದಲಿನ ಮೂಲ ಕ್ಯಾಸೆಟ್ಟನ್ನು ಸೋದರಮಾವ ಹಟ ಹಿಡಿದು ಇಸಿದುಕೊಂಡಿದ್ದನೆಂದು ತಿಳಿದು, ಒಂದು ಶನಿವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ.

ಮಾಮ ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೊಟ್ಟ. ತೆಗೆದು ನೋಡಿದೆ. ಕ್ಯಾಸೆಟ್ಟಿನ ಕಿಟಕಿಯೊಳಗೆ ಸುರುಳಿಯ ಮೇಲೆ ಬಿಳಿ ಬೂಸಲು.

"ನಿಮ್ಮವ್ವನ ದನಿ ಕೇಳ್ಬೇಕಂತಿ? ಅಕಿ ಇಲ್ಲಿ ಬಾವಿ ಮ್ಯಾಲ ನಿಂತು ಒದರಿದ್ರ ಅಲ್ಲಿ ಬಾಳಿ ತ್ವಾಟದಾಗ ಎತ್ತು ನಿಂದರ್ತಿದ್ವು" ಎಂದ.

"ಸುಳ್ಳು ಹೇಳಬ್ಯಾಡ ಮಾಮ."

"ಸುಳ್ಳ್ಯಾಕ ಹೇಳ್ಲಿ? ಎತ್ತಿಗೇ ಕೇಳು ಹೋಗು."

ಮಾಮನ ಚೇಷ್ಟೆ ಎಂದುಕೊಂಡೆ. ಬಸ್ಸಿನಲ್ಲಿ ಕ್ಯಾಸೆಟ್ಟನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತೆ. ಕಲಬುರಗಿ ಬರುವವರೆಗೆ ಕಿಟಕಿ ತೆರೆಯಲಿಲ್ಲ, ಧೂಳು ಬಂದೀತೆಂದು.

ಬಸ್ಸಿಳಿದು ನೇರ ಮೋಮಿನಪುರದ ಒಂದು ಅಂಗಡಿಗೆ ಹೋದೆ. ಅಲ್ಲಿನ ಚಾಚಾ ಹಿಂದೆ ಮದುವೆ ವಿಡಿಯೊ ತೆಗೆಯುತ್ತಿದ್ದವರು. ಈಗ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಾರೆ. ಕಂಪ್ಯೂಟರಿನ ಒಂದು ಬದಿಯ ತಗಡು ಸದಾ ತೆಗೆದೇ ಇರುತ್ತದೆ. ಒಳಗೆ ಗೇಣುದ್ದದ ಹಸಿರು ಹಲಗೆ, ಹಿಂಭಾಗದಲ್ಲಿ ಹಳದಿ, ಕೆಂಪು, ಬಿಳಿ ತೂತುಗಳು. ಕ್ಯಾಸೆಟ್ಟಿನ ಚಿತ್ರ, ದನಿಯನ್ನು ಕಂಪ್ಯೂಟರಿಗೆ ಹಿಡಿದುಕೊಡುವ ಕ್ಯಾಪ್ಚರ್ ಕಾರ್ಡ್ ಅದೇ.

"ಚಿತ್ರ ಬಂದಂಗ ಬಂದಂಗ ಇದು ಅಲ್ಲೇ ಒತ್ತಿ ಸಣ್ಣದು ಮಾಡ್ತದ ಬೇಟಾ" ಎಂದು ಚಾಚಾ ಹೇಳಿದರು. "ಹಿಂದಿನ ಗ್ವಾಡಿ ಹಂಗೇ ಇದ್ರ ಮತ್ತ ಬರ್ಕೊಳ್ಳಲ್ಲ. ಅಲುಗಾಡಿದ್ದು ಎಷ್ಟದ ಅಷ್ಟೇ."

ಬೂಸಲನ್ನು ಅವರು ಮೆತ್ತನೆ ಬಟ್ಟೆಯಿಂದ ಒಂದು ತಾಸು ಒರೆಸಿದರು. "ಒಮ್ಮೆ ಓಡ್ತದ. ಎರಡನೇ ಸಲದ ಭರೋಸಾ ನಾ ಕೊಡಲ್ಲ. ಯಾವುದಕ್ಕೂ ಕೈ ಹಚ್ಚಬ್ಯಾಡ" ಎಂದು ಹೇಳಿ ಕ್ಯಾಸೆಟ್ ಹಚ್ಚಿದರು. ಇಳಿಹೊತ್ತಿನ ಅಸರ್ ನಮಾಜಿನ ಸಮಯ. ಅವರು ಕೈಕಾಲು ಮುಖ ತೊಳೆದು ವಜೂ ಮಾಡಲು ಎದ್ದು ಹೋದರು.

ಪರದೆಯ ಮೇಲೆ ಕಮಲಾಪುರದ ಹಂದರ, ವಾಲಗ, ಮಂದಿಯ ಕೂಗಾಟ. ಹೆಂಗಸರು ಅವ್ವನ ಸುತ್ತ ನೆರೆಯುತ್ತಿದ್ದಂತೆ ಹೊರಗೆ ಆಜಾನ್ ಶುರುವಾಯಿತು. ನಾನು ಕೈ ಚಾಚಿ ಮೇಜಿನ ಮೇಲಿನ ಗುಂಡಿ ತಿರುಗಿಸಿ ದನಿಯನ್ನು ಪೂರ್ತಿ ತಗ್ಗಿಸಿದೆ.

ಯೋಚಿಸಿ ಮಾಡಿದ್ದಲ್ಲ. ನಮ್ಮ ಓಣಿಯಲ್ಲಿ ಆಜಾನ್ ಕೇಳಿದರೆ ಟಿವಿ ಸಣ್ಣಗೆ ಮಾಡುವುದು ಎಲ್ಲ ಮನೆಗಳ ರೂಢಿ. ಅವ್ವ ಅಡುಗೆಮನೆಯಿಂದ ಕೈಸನ್ನೆಯಲ್ಲೇ ಅದನ್ನು ಮಾಡಿಸುತ್ತಾಳೆ. ಅದು ಸ್ಪೀಕರಿನ ಗುಂಡಿ ಎಂದುಕೊಂಡಿದ್ದೆ. ರೆಕಾರ್ಡಿಂಗ್ ತನ್ನ ಪಾಡಿಗೆ ನಡೆದಿದೆ, ಮನೆಗೆ ಹೋಗಿ ಸಮಾಧಾನವಾಗಿ ಕೇಳಿದರಾಯಿತು ಎಂದು ಕೂತೆ.

ಪರದೆಯಲ್ಲಿ ಅವ್ವ ತುಟಿಯಾಡಿಸಿದಳು. ನಾನು ಓದಿಕೊಂಡೆ. ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಕೆಲಸ. ಏನೋ ಕೊರತೆ ಇದೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಅವ್ವನ ಮಾತು ನನಗೆ ಹಾಗೆಯೇ ಇರುವುದು. ಆಜಾನ್ ಮುಗಿದು ಸ್ವಲ್ಪ ಹೊತ್ತಾದ ಮೇಲೆ ನೆನಪಾಗಿ ಗುಂಡಿಯನ್ನು ಮೊದಲಿನಂತೆ ತಿರುಗಿಸಿದೆ.

ನಮಾಜು ಮುಗಿಸಿ ಬಂದ ಚಾಚಾ ರೆಕಾರ್ಡಾದದ್ದನ್ನು ಅಲ್ಲಲ್ಲಿ ತಟ್ಟಿ ನೋಡಿದರು. ದನಿಯ ಹಸಿರು ಗೆರೆ ಒಂದು ಕಡೆ ನೇರ ದಾರದಂತೆ ಮಲಗಿತ್ತು.

"ಆವಾಜ್ ಎಲ್ಲಿ ಹೋಯ್ತು ಇಲ್ಲಿ? ನಾಲ್ಕು ಮಿನಿಟ್ ಖಾಲಿ ಅದ."

ಗುಂಡಿ ತೋರಿಸಿದೆ.

"ಅಯ್ಯೋ ಅಲ್ಲಾ. ಕಾರ್ಡಿಗೆ ಆವಾಜ್ ಹೋಗೋದೇ ಅದರಾಗಿಂದ. ಯಾಕ ತಿರುವಿದಿ?"

"ಆಜಾನ್ ಆಗ್ಲಕತ್ತಿತ್ತು ಚಾಚಾ."

ಬಯ್ಯಲು ತೆರೆದ ಬಾಯನ್ನು ಅವರು ಮುಚ್ಚಿಕೊಂಡರು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟು, "ಈಗ ನಿನಗ ಏನಂತ ಬಯ್ಯಲಿ ನಾನು?" ಎಂದರು.

ಯಂತ್ರದಲ್ಲಿ ಹಿಂದಕ್ಕೆ ಓಡಿಸಿದರೆ ಹರಿದೀತೆಂದು ಕ್ಯಾಸೆಟ್ ಹೊರತೆಗೆದು ಬೆರಳಿನಿಂದ ಸುತ್ತತೊಡಗಿದರು. ಒಂದೊಂದೇ ಸುತ್ತು. ನಡುವೆ ಎರಡು ಬಾರಿ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿದರು. ಅಂಚು ಅಲ್ಲಲ್ಲಿ ಸುಕ್ಕಾಗಿತ್ತು. ದನಿ ಇರುವುದು ಆ ಅಂಚಿನಲ್ಲೇ ಎಂದು ಅವರು ಹೇಳದಿದ್ದರೆ ಚೆನ್ನಾಗಿತ್ತು. ನಾನು ಕೈಗಳನ್ನು ದುಪಟ್ಟಾದೊಳಗೆ ಸುತ್ತಿ, ಮೇಜಿನಿಂದ ದೂರ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತೆ.

"ಚಿತ್ರ ಬಂದದ. ಈಗ ಆವಾಜ್ ಅಷ್ಟೇ ತಗೊಳ್ಳೋಣ. ಆಮ್ಯಾಲ ಎರಡೂ ಜೋಡಿಸ್ತೀನಿ" ಎಂದು ಮತ್ತೆ ಹಚ್ಚಿದರು.

ಯಂತ್ರ ಕಿರುಗುಟ್ಟಿತು. ಚಿತ್ರ ಅಡ್ಡಡ್ಡ ಹರಿಯಿತು. ಮೊದಲು ಬಂದದ್ದು ಬಳೆಗಳ ಸದ್ದು, ನಗು, "ಹೆಸರ ಹೇಳಲಾರ್ದ ಉಣ್ಣಂಗಿಲ್ಲ" ಎಂಬ ಗದ್ದಲ. ಆಮೇಲೆ, "ಹೇಳು ಮಗಳಾ, ನಾಚಬ್ಯಾಡ" ಎಂದು ಒಂದು ದನಿ. ಮೆತ್ತಗೆ, ಕೊನೆಯ ಅಕ್ಷರವನ್ನು ಎಳೆದು.

ನನ್ನ ಕಣ್ಣು ತುಂಬಿತು. ಇದೇ, ಎಂದುಕೊಂಡೆ. ಆದರೆ ಮದುಮಗಳ ತುಟಿ ಅಲುಗಿರಲಿಲ್ಲ. ಮಾತಾಡಿದ್ದು ಅವಳ ಹಿಂದೆ ನಿಂತಿದ್ದ ಅಜ್ಜಿ, ಅವ್ವನ ತಾಯಿ.

ಮರುಕ್ಷಣ ಇನ್ನೊಂದು ದನಿ ಬಂತು. ದಪ್ಪ, ಜೋರು, ಅವಸರದ್ದು.

"ತಡೀರಿ, ಹಸಿವ್ಯಾಗ್ಯಾದ, ಹೇಳ್ತೀನಿ! ಬಾಳಿಹಣ್ಣ ಕೆಂಪ, ಬಾವಿ ನೀರ ತಂಪ..."

ಮುಂದೆ ಅಪ್ಪನ ಹೆಸರು. ಆಮೇಲೆ, "ದೂರ ಸರೀಲಿ ಈ ಗುಂಪ!" ಹೆಂಗಸರು ಹೋ ಎಂದರು. ಚಾಚಾ ಕೂಡ ನಕ್ಕರು. ಅಲ್ಲಿಗೆ ಸುರುಳಿ ಸಿಕ್ಕಿಕೊಂಡು ಯಂತ್ರ ನಿಂತಿತು. ಕ್ಯಾಸೆಟ್ ಮತ್ತೆ ಹೊರಬರಲಿಲ್ಲ.

ಆಪರೇಷನ್ನಿನ ವರ್ಷ ನನ್ನನ್ನು ಕಮಲಾಪುರದಲ್ಲಿ ಬಿಟ್ಟಿದ್ದರು. ಮಲಗಿಸುತ್ತಿದ್ದವಳು ಅಜ್ಜಿ. ನನಗೆ ಹತ್ತು ತುಂಬುವ ಮೊದಲೇ ಅವಳು ತೀರಿಕೊಂಡಳು. ಇಷ್ಟು ವರ್ಷ ನಾನು ಜೋಪಾನ ಮಾಡಿದ ದನಿ ಅವಳದ್ದು. ಅವ್ವನದು ನನ್ನಲ್ಲಿ ಒಂದು ಅಕ್ಷರವೂ ಉಳಿದಿರಲಿಲ್ಲ. ಅಂಗಡಿಯಲ್ಲಿ ಕೇಳಿದಾಗ ಗುರುತೂ ಸಿಗಲಿಲ್ಲ.

ಜೋಡಿಸಿದ ತುಣುಕನ್ನು ಸಂಜೆ ಮನೆಯಲ್ಲಿ ಹಚ್ಚಿದೆ. ಅವ್ವ ಕುತ್ತಿಗೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಹತ್ತಿರ ಕೂತಳು. ಅಜ್ಜಿಯ ಮಾತು ಬಂದಾಗ ಪರದೆ ಮುಟ್ಟಿದಳು. ತನ್ನ ದನಿಗೆ ಬೆಚ್ಚಿ, ಆಮೇಲೆ ಭುಜ ಕುಣಿಸಿ ನಕ್ಕಳು. ಪಾಟಿ ಎಳೆದುಕೊಂಡು ಬರೆದಳು: "ಎಷ್ಟ ಒದರ್ತಿದ್ದೆ ನಾ!" ಅದನ್ನು ಅಂಗೈಯಿಂದ ಒರೆಸಿ ಮತ್ತೆ ಬರೆದಳು: "ನಿನಗ ನೆನಪಿತ್ತ?"

ಪಾಟಿಯನ್ನು ಅವಳು ಕೆಳಗಿಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

"ಹೂಂ ಅವ್ವ. ಇದೇ ದನಿ" ಎಂದೆ.