ಲೆಕ್ಕಕ್ಕೆ ಸೇರದ ಬೆರಳು

2004ನೇ ಇಸವಿ, ಜುಲೈ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಚೆನ್ನೈನ ವಡಪಳನಿಯ ನಮ್ಮ ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ರೋಗಿಗಳಲ್ಲದೆ ಇದ್ದವರು: ನರ್ಸಿಂಗ್ ಮೇಲ್ವಿಚಾರಕಿಯಾಗಿದ್ದ ನಾನು, ಬೆಳಗಿನ ಪಾಳಿಯ ಇಬ್ಬರು ನರ್ಸುಗಳು, ಮತ್ತು ಕ್ರೋಂಪೇಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ನನ್ನ ಅಣ್ಣನ ಮಗಳು.

ನಾನು ಕೆಲಸ ಕಲಿತದ್ದು ಸೇನೆಯ ಆಸ್ಪತ್ರೆಯಲ್ಲಿ. ಹಾಸಿಗೆಗಳನ್ನು ಎರಡು ಸಾಲು ಮಾಡಿಸಿದ್ದೆ. ಕಿಟಕಿ ಸಾಲಿಗೆ ಒಬ್ಬಳು ನರ್ಸ್, ಬಾಗಿಲು ಸಾಲಿಗೆ ಇನ್ನೊಬ್ಬಳು. ಡ್ರೆಸಿಂಗ್ ಟ್ರೇ ಕೂಡ ಬೇರೆ ಬೇರೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಾತ್ರ ಕಿಟಕಿ ಸಾಲಿನವಳು ಎರಡೂ ಕಡೆ ನೋಡಿಕೊಳ್ಳುತ್ತಿದ್ದಳು. ಆ ತಿಂಗಳು, ಸಾಮಾನ್ಯ ಆಂಟಿಬಯೋಟಿಕ್‌ಗಳಿಗೆ ಬಗ್ಗದ ರೋಗಾಣುವೊಂದು ಕಿಟಕಿ ಸಾಲಿನವರ ಗಾಯಗಳಲ್ಲಿ ಕಾಣಿಸಿ, ಬಾಗಿಲು ಸಾಲಿಗೂ ಬಂತು. ಎರಡು ಸಾಲಿಗೂ ಹೋಗುವ ನರ್ಸ್ ಒಬ್ಬಳೇ, ಹಾಗಾಗಿ ಅವಳೇ ಹೊತ್ತು ತಂದಳೆಂದು ಆಡಳಿತದವರು ತೀರ್ಮಾನಿಸಿಬಿಟ್ಟಿದ್ದರು. ಸಂಜೆ ನಾಲ್ಕಕ್ಕೆ ಮೀಟಿಂಗ್. ಅವಳನ್ನು ಕೆಲಸದಿಂದ ತೆಗೆಯುವುದೇ ವಿಷಯ. ತಿರುನೆಲ್ವೇಲಿ ಕಡೆಯ ಹುಡುಗಿ. ಮನೆ ಅವಳ ಸಂಬಳದಲ್ಲೇ ನಡೆಯುತ್ತಿತ್ತು. “ನಾನ್ ತಪ್ಪು ಪಣ್ಣಲೆ ಮೇಡಂ,” ತಾನೇನೂ ತಪ್ಪು ಮಾಡಿಲ್ಲವೆಂದು ಒಂದು ಸಲ ಹೇಳಿ ಕೆಲಸಕ್ಕೆ ಮರಳಿದ್ದಳು.

ಅಣ್ಣನ ಮಗಳು ಆಸ್ಪತ್ರೆಗಳಲ್ಲಿ ಇಂಥ ರೋಗಾಣು ಹರಡುವ ಬಗೆಯನ್ನು ಗಣಿತದಲ್ಲಿ ಹಿಡಿಯಲು ಹೊರಟವಳು. ಯಾರು ಯಾರನ್ನು ಮುಟ್ಟುತ್ತಾರೆ, ಕೈ ತೊಳೆಯುತ್ತಾರೋ ಇಲ್ಲವೋ, ಯಾವ ರೋಗಿಗೆ ಯಾವ ಔಷಧ ನಡೆದಿದೆ, ಇಷ್ಟು ಕೊಟ್ಟರೆ ಅವಳ ಕಂಪ್ಯೂಟರು ವಾರ್ಡಿನಂಥದೇ ಇನ್ನೊಂದು ವಾರ್ಡನ್ನು ನಡೆಸಿ ತೋರಿಸುತ್ತಿತ್ತು.

“ಅತ್ತೆ, ಸಿಸ್ಟರ್ ಆ ಕಡೆ ಹೋಗೋದು ಸ್ವಲ್ಪ ಹೊತ್ತು. ಅಷ್ಟಕ್ಕೆ ಇಷ್ಟೊಂದು ಸ್ಪ್ರೆಡ್ ಆಗಲ್ಲ. ಎಷ್ಟು ಸಲ ಓಡಿಸಿದ್ರೂ ಬಾಗಿಲು ಸಾಲು ಹೆಚ್ಚುಕಮ್ಮಿ ಕ್ಲೀನಾಗೇ ಉಳಿಯತ್ತೆ.”

“ಹಾಗಾದ್ರೆ ನಿನ್ನ ಲೆಕ್ಕ ತಪ್ಪು.”

“ಮುಟ್ಟೋವ್ರು ಇನ್ಯಾರೋ ಇದಾರೆ. ನೀವು ಹೇಳಿಲ್ಲ.”

“ನನ್ನ ವಾರ್ಡಲ್ಲಿ ನನಗೆ ತಿಳೀದೆ ಯಾರೂ ಯಾರನ್ನೂ ಮುಟ್ಟಲ್ಲ.”

“ಸರಿ ಅತ್ತೆ. ಒಂದು ಸ್ಟೂಲ್ ಕೊಡಿ, ಇಲ್ಲೇ ಕೂತಿರ್ತೀನಿ.”

ಗುಡಿಸುವವಳು ಬಂದಳು, ಗಂಜಿ ಬಂತು, ಡಾಕ್ಟರರ ರೌಂಡ್ಸ್ ಆಯಿತು. ಇವರೆಲ್ಲ ಅವಳ ಲೆಕ್ಕದಲ್ಲಿದ್ದವರೇ. ಆಮೇಲೆ ನಾವೆಲ್ಲ ಪಾಟಿ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದ ಮುದುಕಿ ಬಂದರು. ಅವರ ಮಗ ಹೊಟ್ಟೆಯ ಆಪರೇಷನ್ನಾಗಿ ಕಿಟಕಿ ಸಾಲಿನಲ್ಲಿ ಮಲಗಿದ್ದ, ಗಾಯ ಕೀವುಗಟ್ಟಿತ್ತು. ದಿನವೂ ಮುರುಗನ ಗುಡಿಗೆ ಹೋಗಿ ವಿಭೂತಿ ತರುತ್ತಿದ್ದರು. ಮಗನ ಬ್ಯಾಂಡೇಜು ಸವರಿ, ಹೊದಿಕೆ ಸರಿಮಾಡಿ, ಅದೇ ಬೆರಳನ್ನು ವಿಭೂತಿಗೆ ಅದ್ದಿ ಅವನ ಹಣೆಗೆ ಇಟ್ಟರು. ನಂತರ ಆ ಸಾಲಿನ ಎಲ್ಲರಿಗೂ ಇಡುತ್ತ, ಕೆನ್ನೆ ನೇವರಿಸುತ್ತ ಬಾಗಿಲು ಸಾಲಿಗೆ ದಾಟಿದರು. ಕೊನೆಗೆ ನನ್ನ ಬಳಿ ಬಂದರು. ನಮ್ಮದು ವೈಷ್ಣವ ಮನೆ, ವಿಭೂತಿ ಇಡುವ ರೂಢಿಯಿಲ್ಲ. ಆದರೂ ಅವರ ಮನಸ್ಸು ನೋಯದಿರಲೆಂದು ದಿನದಂತೆ ತಲೆ ಬಗ್ಗಿಸಿದೆ. ಪ್ರಸಾದ ಇಡುವುದೂ ಮುಟ್ಟಿದಂತೆಯೇ ಎಂದು ನಾನು ಎಣಿಸಿಯೇ ಇರಲಿಲ್ಲ.

ಅಣ್ಣನ ಮಗಳು ಎದ್ದು ಬಂದಳು. “ಅತ್ತೆ, ತಾತ ಈ ಹಣೆ ನೋಡಿದ್ರೆ ಮನೆಗೆ ಸೇರಿಸ್ತಿರ್ಲಿಲ್ಲ.”

ಹೊಸ ಬೆರಳನ್ನು ಸೇರಿಸಿ ತನ್ನ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಓಡಿಸಿದಳು. ಪರದೆಯ ಮೇಲಿನ ವಾರ್ಡು ನಮ್ಮ ವಾರ್ಡನ್ನು ಹೋಲತೊಡಗಿತು. “ಇದು ಪ್ರೂಫ್ ಅಲ್ಲ. ಹೀಗೂ ಆಗಿರಬಹುದು ಅಂತ ಅಷ್ಟೆ. ಎಲ್ಲರ ಕೈಯ ಸ್ವಾಬ್ ತೆಗೆಸಿ, ಲ್ಯಾಬಿಗೆ ಕಳಿಸಿ,” ಎಂದಳು.

ಪಾಟಿಗೆ ತಮಿಳಿನಲ್ಲಿ ತಿಳಿಸಿ ಹೇಳಿದೆ. “ಮುರುಗನ ವಿಭೂತೀಲಿ ಹುಳ ಇದೆ ಅಂತೀಯಾ?” ಎಂದು ಕೇಳಿದರು.

“ವಿಭೂತೀಲಿ ಅಲ್ಲ ಪಾಟಿ, ಬೆರಳಲ್ಲಿ. ಹತ್ತೀಲಿ ಒರೆಸಿ ಪರೀಕ್ಷೆ ಮಾಡ್ತಾರೆ. ನನ್ನ ಕೈನೂ ಮಾಡ್ತಾರೆ, ನೋಡಿ.” ಮೊದಲು ನನ್ನ ಕೈ ಒಡ್ಡಿದೆ. ಅವರೂ ಒಡ್ಡಿದರು.

“ಮಗನಿಗೆ ನಾನೇ ಇಡಬಹುದಾ?”

“ಇಡಿ. ಸೋಪು ಹಾಕಿ ತೊಳೆದು ಇಡಿ. ಮಿಕ್ಕವರಿಗೆ ಪೊಟ್ಟಣ ಕಟ್ಟಿ ಕೊಡಿ, ಅವರವರ ಮನೆಯವರು ಇಡಲಿ.”

ನಾಲ್ಕು ಗಂಟೆಗೆ ಮೀಟಿಂಗಿನಲ್ಲಿ ಇದನ್ನೆಲ್ಲ ಹೇಳಿದೆ. ನಿರ್ದೇಶಕರು ನಕ್ಕರು. “ಕಂಪ್ಯೂಟರ್ ಹೇಳ್ತು ಅಂತ ಬಿಟ್ಟುಬಿಡೋದಾ?”

“ಕಂಪ್ಯೂಟರ್ ಇರಲಿ ಸಾರ್. ಕೆಲಸದಿಂದ ತೆಗೀಬೇಕು ಅಂದವರು ಅವಳ ಕೈ ಪರೀಕ್ಷೆ ಮಾಡಿಸಿದ್ರಾ?”

ಯಾರೂ ಮಾಡಿಸಿರಲಿಲ್ಲ. ಲ್ಯಾಬಿನ ವರದಿ ಬರುವ ತನಕ ಯಾರನ್ನೂ ತೆಗೆಯುವುದಿಲ್ಲ ಎಂದು ಬರೆಸಿಕೊಂಡೇ ಎದ್ದೆ. ವಾರದ ಕೊನೆಯಲ್ಲಿ ಬಂದ ವರದಿಯಲ್ಲಿ ಅವಳ ಕೈ ಶುದ್ಧವಾಗಿತ್ತು. ಪಾಟಿಯ ಬೆರಳಲ್ಲಿ ಆ ರೋಗಾಣು ಇತ್ತು. ಆಡಳಿತದವರಿಗೆ ಹೇಳಿದೆ, ವಾರ್ಡಿನಲ್ಲಿ ಹೇಳಲಿಲ್ಲ.

ಆ ಮಂಗಳವಾರ ಮೀಟಿಂಗ್ ಮುಗಿಸಿ ವಾರ್ಡಿಗೆ ಬಂದಾಗ, ಪಾಳಿ ಮುಗಿದಿದ್ದರೂ ಆ ನರ್ಸ್ ಮನೆಗೆ ಹೋಗಿರಲಿಲ್ಲ. ಒಗೆದ ಹೊದಿಕೆಗಳನ್ನು ಮಡಚುತ್ತಿದ್ದಳು.

“ನಾಳೆ ಏಳಕ್ಕೆ ಬಾ,” ಎಂದೆ.

“ಎಂದ ಸೈಡ್ ಮೇಡಂ?” ಯಾವ ಕಡೆ ಎಂದು ಕೇಳಿದಳು.

“ಕಿಟಕಿ ಕಡೆಯೇ.”

ಅವಳು ಉಳಿದ ಹೊದಿಕೆಗಳನ್ನು ಮಡಚಿ ಮುಗಿಸಿದಳು. ನಾನು ಡ್ಯೂಟಿ ಬೋರ್ಡು ಒರೆಸಿ, ಮರುದಿನದ ಬೆಳಗಿನ ಪಾಳಿಗೆ ಅವಳ ಹೆಸರು ಬರೆದು ಸೀಮೆಸುಣ್ಣ ಕೆಳಗಿಟ್ಟೆ.