ಖಾಲಿ ಊರಿನ ಡೊಂಕು ಗೋಡೆ

ಊರು ಅಂದಮೇಲೆ ಒಂದು ನಾಯಿಯಾದರೂ ಬೊಗಳಬೇಕು. ಇಲ್ಲಿ ಅದೂ ಇಲ್ಲ. ಮನೆಗಳಿವೆ, ಓಣಿಗಳಿವೆ, ನಡುವೆ ಮಸೀದಿಯ ಮಿನಾರು ಇದೆ, ಬಾವಿ ಇದೆ. ಜನ ಮಾತ್ರ ಎದ್ದು ಹೋಗಿ ಎರಡು ತಲೆಮಾರು ಕಳೆದಿದೆ. ಹೊಸ್ತಿಲಿಂದ ಇಪ್ಪತ್ತು ಹೆಜ್ಜೆಗೆ ಸಮುದ್ರ. ಕತಾರಿಗೆ ಬಂದ ಮೂರನೇ ವಾರ ಕಂಪನಿಯ ಬಸ್ಸು ನನ್ನನ್ನು ಈ ಉತ್ತರದ ದಂಡೆಯಲ್ಲಿ ಇಳಿಸಿದಾಗ, ಹೆಗಲಿನ ಚೀಲ ಕೆಳಗಿಡುವುದನ್ನೂ ಮರೆತು ನಿಂತುಬಿಟ್ಟೆ. ನಾನು ಹುಟ್ಟಿ ಬೆಳೆದದ್ದು ಗುಳೇದಗುಡ್ಡದಲ್ಲಿ, ಕೆಂಪು ಕಲ್ಲಿನ ಗುಡ್ಡದ ಮಗ್ಗುಲಿಗೆ. ಸಮುದ್ರವನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಅವತ್ತು.

ನಾನು ಗೌಂಡಿ. ನಮ್ಮಪ್ಪನೂ ಗೌಂಡಿ. ದೋಹಾದಲ್ಲಿ ಗಾಜಿನ ಕಟ್ಟಡ ಕಟ್ಟಬೇಕಾದೀತು ಅಂದುಕೊಂಡು ವಿಮಾನ ಹತ್ತಿದವನಿಗೆ ಸಿಕ್ಕ ಕೆಲಸ ಬೇರೆ. ಬಿದ್ದ ಹಳೇ ಮನೆಗಳನ್ನು ಮೊದಲು ಹೇಗಿದ್ದವೋ ಹಾಗೇ ಎಬ್ಬಿಸಿ ನಿಲ್ಲಿಸಬೇಕು. ‘ನೋಡಾಕ ಯಾರು ಬರ್ತಾರ?’ ಅಂತ ನನ್ನೊಳಗೇ ನಕ್ಕಿದ್ದೆ.

ಇರುವುದು ದೋಹಾದ ಅಲ್ ಮನ್ಸೂರಾದಲ್ಲಿ, ಒಂದು ಕೋಣೆಗೆ ನಾಲ್ಕು ಜನ. ನನ್ನ ಕೆಳಗಿನ ಮಂಚದವರು ಉಳ್ಳಾಲದ ಹಮೀದಾಕ, ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾರೆ. ನನಗೆ ಅರಬ್ಬಿ ಕಲಿಸಿದವರು ಅವರೇ. “ಯಲ್ಲಾ ಅಂದ್ರೆ ನಡಿ, ಖಲಾಸ್ ಅಂದ್ರೆ ಮುಗೀತು, ಮಾಫಿ ಅಂದ್ರೆ ಇಲ್ಲ. ಈ ಮೂರು ಬಂದ್ರೆ ನೀನು ಪಾಸ್ ಮಾರಾಯ,” ಅಂದಿದ್ದರು. ನಾನು ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿ, “ನೀನು ಪ್ರೀತಿ ಮಾಡುದಾ, ಜಗಳ ಮಾಡುದಾ?” ಅಂತ ಈಗಲೂ ಕಾಡುತ್ತಾರೆ. ಕೆಳಗಿನ ಹೋಟೆಲಿನಲ್ಲಿ ಇಡ್ಲಿ, ಪರೋಟ ಬೇಕಾದಷ್ಟು. ರೊಟ್ಟಿಯಿಲ್ಲದೆ ನಾನು ಎರಡು ತಿಂಗಳು ಒದ್ದಾಡಿದೆ. ಕಡೆಗೆ ಪಕ್ಕದ ನಜ್ಮಾ ಬಡಾವಣೆಯ ಒಂದು ಸಣ್ಣ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕ ದಿನ, ಸುಳ್ಳ್ಯಾಕ ಹೇಳಲಿ, ಕಣ್ಣಲ್ಲಿ ನೀರು ಬಂತು.

ಮೊದಲು ಹಾಗೆ ನಕ್ಕಿದ್ದ ನನ್ನ ಬಾಯನ್ನು ಆ ಖಾಲಿ ಊರು ನಿಧಾನಕ್ಕೆ ಮುಚ್ಚಿಸಿತು. ಅಲ್ಲಿ ಎಲ್ಲ ಕೋಣೆಗಳ ಅಗಲವೂ ಹೆಚ್ಚುಕಡಿಮೆ ಒಂದೇ. ಯಾಕೆ ಅಂದರೆ ತೊಲೆಗೆ ಬೇಕಾದ ಮರ ಈ ನೆಲದಲ್ಲಿ ಬೆಳೆಯುವುದಿಲ್ಲ. ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತಿತ್ತು, ಅದರ ಉದ್ದ ಎಷ್ಟೋ ಕೋಣೆಯ ಅಗಲವೂ ಅಷ್ಟೇ. ತೊಲೆಯ ಮೇಲೆ ಹಾಸಿದ ಬಿದಿರು ಮಾತ್ರ ಹಿಂದೂಸ್ತಾನದ್ದಂತೆ. ಹಮೀದಾಕನಿಗೆ ಹೇಳಿದೆ. “ನಮ್ಮ ಬಂದರಿಂದಲೇ ಹೋದದ್ದು ಅದು,” ಅಂತ ಅವರು ವಾರವಿಡೀ ಬೀಗಿದರು. ಇನ್ನು ಸಮುದ್ರದೊಳಗೇ ಕಟ್ಟಿದ ಕಲ್ಲಿನ ಅರ್ಧಚಂದ್ರದ ಗೋಡೆಯೊಂದಿದೆ. ಅದಕ್ಕೆ ಮಸ್ಕರ್ ಅನ್ನುತ್ತಾರೆ. ನೀರು ಏರಿದಾಗ ಮೀನು ಒಳಗೆ ಬರುತ್ತವೆ, ಇಳಿದಾಗ ಗೋಡೆಯ ಹಿಂದೆ ಸಿಕ್ಕಿಬೀಳುತ್ತವೆ. ಗಾರೆಯಿಲ್ಲ, ಸಿಮೆಂಟಿಲ್ಲ. ಉಬ್ಬರದ ನೀರು ದಿನಕ್ಕೆರಡು ಸಲ ಬಂದು ಗುದ್ದಿದರೂ ಕದಲಿಲ್ಲ. ಕಟ್ಟಿದವ ಎಂಥಾ ಗೌಂಡಿ ಇರಬೇಕು! ಅವನ ಕಾಲು ಹಿಡಿಯಬೇಕು ಅನ್ನಿಸಿತು.

ಇಷ್ಟು ನೋಡಿಯೂ ನಾನು ತಪ್ಪು ಮಾಡಿದೆ. ದಂಡೆಯ ಕಡೆಯ ಮನೆಯ ಒಂದು ಒಳಗೋಡೆ ಹೊಟ್ಟೆಯ ಹಾಗೆ ಉಬ್ಬಿ ಬೀಳುವ ಹಾಗಿತ್ತು. ಸೊಂಟದ ಎತ್ತರದವರೆಗೆ ದಪ್ಪ ಕಲ್ಲು, ಅಲ್ಲಿಂದ ಮೇಲೆ ಮುಷ್ಟಿಗಾತ್ರದ ಸಣ್ಣ ಕಲ್ಲು, ಅದೂ ಒಳಕ್ಕೆ ಹೊರಕ್ಕೆ ಮನಸ್ಸಿಗೆ ಬಂದಂತೆ. ‘ಯಾವ ಕೈಲಾಗದವ ಕಟ್ಟ್ಯಾನೋ’ ಅಂದುಕೊಂಡೆ. ಇಂಜಿನಿಯರು ‘ಇದ್ದ ಹಾಗೇ ಕಟ್ಟು’ ಅಂದಿದ್ದರು. ಆದರೆ ಡೊಂಕು ಕಟ್ಟಲು ನನ್ನ ಕೈ ಒಪ್ಪಲಿಲ್ಲ. ಬಿಚ್ಚಿ, ತೂಗುಗುಂಡು ಇಳಿಬಿಟ್ಟು ನೋಡಿ ನೋಡಿ, ಕನ್ನಡಿಯ ಹಾಗೆ ಸೀದಾ ಎಬ್ಬಿಸಿದೆ.

ಶನಿವಾರ ಒಂದು ದೊಡ್ಡ ಕಾರು ಬಂತು. ಇಳಿದವರು ಆ ಮನೆಯಲ್ಲೇ ಹುಟ್ಟಿದ ಹಾಜಿ, ಜೊತೆಗೆ ಅವರ ಮಗ. ಎಂಬತ್ತು ದಾಟಿದ ಹಾಜಿಗೆ ಕಣ್ಣು ಕಾಣುವುದಿಲ್ಲ. ಹರೆಯದಲ್ಲಿ ತಂದೆಯ ಹಡಗಿನಲ್ಲಿ ಮುಂಬೈಗೆ ಓಡಾಡಿದವರು, ನನಗಿಂತ ಚೆನ್ನಾದ ಹಿಂದಿ. ಮಗ ಹರಕು ಹಿಂದಿಯಲ್ಲಿ ನನ್ನ ಕಿವಿಗೆ ಹೇಳಿದ: “ಸಾಯೋದರೊಳಗೆ ಒಮ್ಮೆ ತನ್ನ ಜಾಗದಲ್ಲಿ ಕೂರಬೇಕಂತೆ. ಬೇರೇನೂ ಕೇಳೋದಿಲ್ಲ.”

ಹಾಜಿ ಗೋಡೆಗೆ ಎಡಗೈ ಹಚ್ಚಿ ಒಳಗೆ ಆರು ಹೆಜ್ಜೆ ನಡೆದು ನಿಂತರು. ತಡಕಾಡಿದರು. ಬಾಗಿಲಿಗೆ ವಾಪಸು ಬಂದು ಮತ್ತೆ ನಡೆದರು.

“ಮಿಸ್ತ್ರಿ, ನನ್ನನ್ನು ಯಾರ ಮನೆಗೆ ಕರ್ಕೊಂಡು ಬಂದೆ?”

“ನಿಮ್ಮದೇ ಮನೆ, ಹಾಜಿ. ಗೋಡೆ ಡೊಂಕಿತ್ತು, ಸೀದಾ ಮಾಡಿದ್ದೇನೆ.”

“ನಮ್ಮ ತಾಯಿ ಸೀದಾ ಕಟ್ಟಿರಲಿಲ್ಲ,” ಅಂದರು.

ಒಂದು ಚಳಿಗಾಲದ ಮಳೆಗೆ ಆ ಗೋಡೆ ಬಿದ್ದಿತ್ತಂತೆ. ಊರಿನ ಗಂಡಸರೆಲ್ಲ ಹಡಗಿನಲ್ಲಿದ್ದರು. ಬಸುರಿ ತಾಯಿ ದಪ್ಪ ಕಲ್ಲು ಎತ್ತಲಾರದೆ, ದಂಡೆಯಿಂದ ಸಣ್ಣ ಕಲ್ಲುಗಳನ್ನು ಬಟ್ಟೆಯಲ್ಲಿ ಹೊತ್ತು ತಂದು ಕಟ್ಟಿದ್ದಳು. ಗೋಡೆಯ ಹೊಟ್ಟೆಯ ಕೆಳಗಿನ ತಗ್ಗಿಗೆ ಬೆನ್ನು ಕೊಟ್ಟು ಹಾಜಿ ಚಿಕ್ಕಂದಿನಲ್ಲಿ ಮಲಗುತ್ತಿದ್ದರು. “ತಾಯಿಯ ಮುಖ ಮರೆತುಹೋಗಿದೆ ಮಿಸ್ತ್ರಿ. ಆ ತಗ್ಗು ಮರೆತಿಲ್ಲ.”

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಇಂಜಿನಿಯರು ಬೈದದ್ದು ಅದರ ಮುಂದೆ ಏನೂ ಅಲ್ಲ.

ಪುಣ್ಯಕ್ಕೆ ಆ ಸಣ್ಣ ಕಲ್ಲುಗಳನ್ನು ಎಸೆದಿರಲಿಲ್ಲ, ಹಿತ್ತಲಲ್ಲಿ ಗುಡ್ಡೆ ಹಾಕಿದ್ದೆ. ಸೀದಾ ಗೋಡೆ ಕೆಡವಿ ಮತ್ತೆ ಶುರುಮಾಡಿದೆ. ಡೊಂಕು ಕಟ್ಟುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಕೈ ತಾನಾಗೇ ನೆಟ್ಟಗೆ ಹೋಗುತ್ತಿತ್ತು. ಹಾಜಿ ಶನಿವಾರ ಶನಿವಾರ ಬಂದು ಗೋಡೆ ಮುಟ್ಟಿ, “ಇನ್ನೂ ಹೊರಗೆ. ಇಲ್ಲಿ ಒಳಗೆ,” ಅನ್ನುವರು. ಹಸಿ ಗಾರೆಯನ್ನು ಅಂಗೈಯಿಂದ ಅವರೇ ಒತ್ತಿದರು. ಅವರ ಕೈಯ ಹಿಂದೆ ನನ್ನ ಕೈ. ನೋಡಿದರೆ ತಿಳಿಯುತ್ತಿರಲಿಲ್ಲ, ಅದಕ್ಕೆ ಕಣ್ಣು ಮುಚ್ಚಿ ಸವರುತ್ತಾ ಕಟ್ಟಿದೆ.

ನಾಲ್ಕನೇ ಶನಿವಾರ ಹಾಜಿ ಬಾಗಿಲಲ್ಲೇ ಕೋಲು ಬಿಟ್ಟರು. ಆರು ಹೆಜ್ಜೆ ನಡೆದು, ಯಾರ ಆಸರೆಯೂ ಇಲ್ಲದೆ ಕೂತು, ಬೆನ್ನು ಕೊಟ್ಟರು. ಬೆನ್ನು ಸರಿಯಾಗಿ ಕೂತಿತು. ಮಗ ಸಮುದ್ರದ ಕಡೆ ಮುಖ ತಿರುಗಿಸಿದ. ಅಪ್ಪ ಸತ್ತ ಮೇಲೆ ನಾನು ಅಷ್ಟು ಅತ್ತದ್ದು ಅವತ್ತೇ.

ಬೆನ್ನ ಹಿಂದಿನ ಗೋಡೆ ಸವರುತ್ತಾ ಹಾಜಿ ಕೇಳಿದರು: “ನಿನ್ನ ಮನೆಯ ಗೋಡೆ ಯಾರು ಕಟ್ಟಿದ್ದು, ಮಿಸ್ತ್ರಿ?”

“ಬೇರೆಯವರು, ಹಾಜಿ,” ಅಂದೆ.

ಹೋದ ವರ್ಷ ಗುಳೇದಗುಡ್ಡದಲ್ಲಿ ನನ್ನ ಮನೆ ಎದ್ದಿತು. ಕಟ್ಟಿದವ ನನ್ನ ಷಡ್ಡಕ. ನಾನು ಮನ್ಸೂರಾದ ಮಂಚದ ಮೇಲೆ ಕೂತು ಫೋನಿನಲ್ಲಿ ನೋಡುತ್ತಿದ್ದೆ. ರಜೆಗೆ ಹೋದಾಗ ಆ ಮನೆಯಲ್ಲಿ ಯಾವ ಸ್ವಿಚ್ ಎಲ್ಲಿದೆ ಅಂತ ಹೆಂಡತಿಯನ್ನು ಕೇಳಬೇಕು. ಇತ್ತ ಈ ದಂಡೆಯ ಮನೆಯಲ್ಲಿ ಯಾರೂ ಒಲೆ ಹೊತ್ತಿಸುವುದಿಲ್ಲ, ನನ್ನ ವೀಸಾ ಮುಗಿದ ಮೇಲೆ ನನ್ನನ್ನು ಒಳಗೆ ಕರೆಯುವವರೂ ಇರುವುದಿಲ್ಲ. ಆದರೂ ಕಣ್ಣು ಮುಚ್ಚಿಕೊಂಡು ನಾನು ಓಡಾಡಬಲ್ಲ ಮನೆ ಅಂತ ಇರುವುದು ಅದೊಂದೇ.