ಎರಡು ತೂತಿನ ಡಬ್ಬಿ

ಕಿವಿ ಕೇಳದ ರೋಗಿ ಆಸ್ಪತ್ರೆಗೆ ಬಂದರೆ ಅಲ್ಲಿಂದ ಅವಳಿಗೆ ವಿಡಿಯೋ ಕರೆ ಬರುತ್ತಿತ್ತು. ಮನೆಯ ಹಿಂಬದಿಯ ಕೋಣೆಯಲ್ಲಿ ಕೂತು, ಡಾಕ್ಟರು ಹೇಳಿದ್ದನ್ನು ಅವಳು ಕೈಸನ್ನೆಯಲ್ಲಿ ರೋಗಿಗೆ ತಿಳಿಸಬೇಕು. ರೋಗಿ ಕೈಯಲ್ಲಿ ಹೇಳಿದ್ದನ್ನು ಡಾಕ್ಟರಿಗೆ ಬಾಯಲ್ಲಿ ಹೇಳಬೇಕು. ಸಂಜೆ ಭುಜ ಒತ್ತಿಕೊಳ್ಳುತ್ತಾ ಹೊರಗೆ ಬಂದರೆ ಅತ್ತೆ, "ಕೂತಲ್ಲೇ ಕೂತು ಏನು ಸುಸ್ತೇ ನಿಂಗೆ?" ಎನ್ನುವರು. ಕೊಂಕಲ್ಲ, ಅವರಿಗೆ ನಿಜಕ್ಕೂ ಅರ್ಥವಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೆರಿಗೆ ವಾರ್ಡಿನಿಂದ ಕರೆ ಬಂತು. "ಮಗುವಿನ ಎದೆಬಡಿತ ಇಳೀತಿದೆ, ಈಗಲೇ ಆಪರೇಷನ್ ಆಗ್ಬೇಕು, ಒಪ್ಪಿಗೆ ಕೇಳಿ" ಎಂದರು ಡಾಕ್ಟರು. ಅವಳ ಕೈ 'ಮಗು' ಎಂದಿತ್ತು, ಅಷ್ಟೇ. ಪರದೆ ನಿಂತುಹೋಯಿತು. ಬಸುರಿಯ ಕಣ್ಣುಗಳು ಅವಳ ಕೈಯನ್ನೇ ನೋಡುತ್ತಾ ಹಾಗೇ ಕಲ್ಲಾದವು. ಮತ್ತೆ ಸಂಪರ್ಕ ಸಿಗುವಷ್ಟರಲ್ಲಿ ಕರೆಯನ್ನು ಬೇರೆ ಯಾರಿಗೋ ಕೊಟ್ಟಿದ್ದರು.

"ಲೈನ್ ಚೆನ್ನಾಗೇ ಇದೆಯಲ್ಲ, ನನ್ನ ಫೋನಲ್ಲಿ ಓಡ್ತಿದೆ" ಎಂದ ಗಂಡ, ನಡುಮನೆಯಲ್ಲಿ ವೈಫೈ ರೂಟರ್ ಪಕ್ಕದಲ್ಲೇ ಕೂತು. ಅಲ್ಲಿಂದ ಅವಳ ಕೋಣೆಗೆ ಎರಡು ದಪ್ಪ ಗೋಡೆ. ಕಂಪ್ಯೂಟರಿಗೆ ನೇರ ವೈರು ಎಳೆಯೋಣವೆಂದು ರೂಟರ್ ತಿರುಗಿಸಿ ನೋಡಿದಳು. ಹಿಂದೆ ಒಂದೇ ತೂತು. ಅದರಲ್ಲಿ ಬೀದಿಯಿಂದ ಬಂದ ವೈರು ಕೂತಿತ್ತು.

ಅಂಗಡಿಯವನು ನಾಲ್ಕು ಆಂಟೆನಾದ ರೂಟರ್ ಮುಂದಿಟ್ಟ.

"ತಗೊಳ್ಳಿ ಅಕ್ಕ, ಗೋಡೆ ಅಡ್ಡ ಇದ್ರೂ ನುಗ್ಗುತ್ತೆ."

"ಕೊಂಬು ಬೇಡಪ್ಪ. ಹಿಂದೆ ಎಷ್ಟು ತೂತಿದೆ?"

"ಒಂದೇ."

"ನಂಗೆ ಎರಡಿರಬೇಕು. ಒಂದಕ್ಕೆ ಹೊರಗಿನ ಲೈನು, ಇನ್ನೊಂದಕ್ಕೆ ಕಂಪ್ಯೂಟರು."

"ಈ ಕಾಲದಲ್ಲಿ ಯಾರು ಅಕ್ಕ ವೈರ್ ಹಾಕ್ಕೋತಾರೆ?"

ಬಸುರಿಯ ವಿಷಯ ನಾಲಿಗೆಯ ತುದಿಗೆ ಬಂತು. ಹೇಳುವ ತ್ರಾಣವಿರಲಿಲ್ಲ. "ನಾನು ಹಾಕ್ಕೋತೀನಿ" ಎಂದಳು. ಅವನು ಗೊಣಗುತ್ತಾ ಒಳಗೆ ಹೋಗಿ, ಎರಡು ತೂತಿನ ಸಣ್ಣ ಡಬ್ಬಿಯೊಂದನ್ನು ಧೂಳು ಒರೆಸಿ ತಂದ.

ವೈರು ಅತ್ತೆಯ ಮಂಚದ ಹಿಂದಿನಿಂದಲೇ ಹೋಗಬೇಕಿತ್ತು. ಅವಳು ಮಂಡಿಯೂರಿ ಗೋಡೆಗೆ ಟೇಪು ಅಂಟಿಸುತ್ತಿದ್ದಳು.

"ನಡೆಯೋ ಕಡೆಯೆಲ್ಲ ಹಗ್ಗ ಕಟ್ಟಿದ್ರೆ ನಾನು ಮುಗ್ಗರಿಸಿ ಬೀಳಲ್ವೇನೇ?" ಎಂದರು ಮಂಚದ ಮೇಲೆ ಫೋನು ನೋಡುತ್ತಾ ಕೂತಿದ್ದ ಅತ್ತೆ.

ನೆಲ ನೋಡುತ್ತಲೇ ಅವಳು ಆ ಮಧ್ಯಾಹ್ನದ ಕಥೆಯನ್ನೆಲ್ಲ ಹೇಳಿದಳು. ಅತ್ತೆ ಫೋನು ಬದಿಗಿಟ್ಟರು.

"ಆಮೇಲೆ ಆ ಹುಡುಗಿಗೆ ಏನಾಯ್ತು?"

"ಗೊತ್ತಿಲ್ಲ ಅತ್ತೆ. ನಮಗೆ ಹೇಳಲ್ಲ."

ಅತ್ತೆ ಎದ್ದು, ಸೊಂಟ ಹಿಡಿದುಕೊಂಡೇ, ಮಂಚದ ಆ ತುದಿಯನ್ನು ಎಳೆದರು. "ಈಗ ಕೈ ಹೋಗುತ್ತಾ ನೋಡು."

ಹೊಸ ಡಬ್ಬಿಯಿಂದ ಕರೆ ಕಡಿಯುವುದು ನಿಂತಿತು. ಚಿತ್ರವೂ ತಿಳಿಯಾಯಿತು. ಆ ವಾರವೇ, ಹೆಂಡತಿ ಇನ್ನು ಉಳಿಯುವುದಿಲ್ಲವೆಂದು ಒಬ್ಬ ಮುದುಕನಿಗೆ ಅವಳು ಹೇಳಬೇಕಾಯಿತು. ಮೊದಲಾಗಿದ್ದರೆ ಮಸುಕಾಗಿ ಕಾಣುತ್ತಿದ್ದ ಮುಖದಲ್ಲಿ ಈಗ ತುಟಿಯ ನಡುಕವೂ ಕಂಡಿತು. ಪ್ರಶ್ನೆ ಕೇಳಲು ಎತ್ತಿದ ಬೆರಳುಗಳನ್ನು ಅವನು ಅರ್ಧಕ್ಕೇ ಮಡಚಿಕೊಂಡದ್ದನ್ನೂ ನೋಡಿದಳು. ಕೊನೆಯವರೆಗೂ ಹೇಳಿದಳು. ಒಂದು ಮಾತೂ ತುಂಡಾಗಲಿಲ್ಲ.

ಕರೆ ಮುಗಿದ ಮೇಲೆ ಕೈಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಅವು ತನ್ನವಲ್ಲವೆಂಬಷ್ಟು ಭಾರವಾಗಿದ್ದವು. ಮುಂದಿನ ಕರೆ ಬಂತು. ನೀರು ಕುಡಿದು, ತೆಗೆದುಕೊಂಡಳು.